ಪಗಾರದ ಪಾಳಿ

2020ರ ಏಪ್ರಿಲ್ 4, ಶನಿವಾರ. ಲಾಕ್‌ಡೌನ್ ಶುರುವಾಗಿ ಹನ್ನೊಂದನೇ ದಿನ. ಪುಣೆಯ ವಾಕಡ್‌ನಲ್ಲಿರುವ ನಮ್ಮ ಮನೆಯ ಊಟದ ಟೇಬಲ್ಲೇ ಆಗ ನನ್ನ ಆಫೀಸು. ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದು ಕೂತಿದ್ದೆ. ನನ್ನ ಪ್ರಾಜೆಕ್ಟಿನ ಖರ್ಚನ್ನು ಎಂಟು ಪರ್ಸೆಂಟ್ ಇಳಿಸುವುದು ಹೇಗೆ ಎಂದು ಸೋಮವಾರದ ಹೊತ್ತಿಗೆ ಹೇಳಬೇಕಿತ್ತು. ಅಷ್ಟರಲ್ಲಿ ಆಫೀಸಿನ ಫುಟ್‌ಬಾಲ್ ಹುಚ್ಚರ ವಾಟ್ಸಾಪ್ ಗುಂಪಿನಲ್ಲಿ ಗದ್ದಲ ಎದ್ದಿತು. ಲಿವರ್‌ಪೂಲ್ ಕ್ಲಬ್ಬು ತನ್ನ ಆಟಗಾರರಲ್ಲದ ಸಿಬ್ಬಂದಿಯಲ್ಲಿ ಸುಮಾರು 200 ಜನರನ್ನು ಫರ್ಲೋ ಮೇಲೆ ಮನೆಗೆ ಕಳಿಸುತ್ತಿದೆ ಎಂಬ ಸುದ್ದಿ. ಅಂದರೆ ಅವರ ಸಂಬಳದ 80 ಪರ್ಸೆಂಟನ್ನು ಬ್ರಿಟನ್ನಿನ ಸರ್ಕಾರ ಕೊಡುತ್ತದೆ, ಉಳಿದ 20 ಪರ್ಸೆಂಟನ್ನು ಕ್ಲಬ್ಬು ತುಂಬುತ್ತದೆ.

ಭಾನುವಾರ ರಾತ್ರಿ ಒಂಬತ್ತಕ್ಕೆ ನಾವೆಲ್ಲ ಬಾಲ್ಕನಿಯಲ್ಲಿ ದೀಪ ಹಚ್ಚಿದೆವು. ಸೋಮವಾರ ಲಿವರ್‌ಪೂಲ್ ತನ್ನ ತೀರ್ಮಾನವನ್ನು ಹಿಂದಕ್ಕೆ ಪಡೆಯಿತು. ಸಿಇಒ ಪೀಟರ್ ಮೂರ್ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು, ಕಳೆದ ವಾರ ನಾವು ತಪ್ಪು ತೀರ್ಮಾನಕ್ಕೆ ಬಂದೆವು, ಕ್ಷಮೆ ಇರಲಿ ಎಂದರು. ಅದೇ ಸೋಮವಾರ ನಾನು ನನ್ನ ಪಟ್ಟಿಯನ್ನು ಮೇಲಕ್ಕೆ ಕಳಿಸಿದೆ. ಅದನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ.

ಆ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಲಿವರ್‌ಪೂಲಿನ ಲೆಕ್ಕ. ಎಕ್ಸೆಲ್ ಹೇಗೂ ತೆರೆದೇ ಇತ್ತು, ಅವತ್ತು ರಾತ್ರಿಯೇ ಮಾಡಿದ್ದೆ. ಫರ್ಲೋ ಯೋಜನೆಯಲ್ಲಿ ಸರ್ಕಾರ ಒಬ್ಬ ನೌಕರನಿಗೆ ತಿಂಗಳಿಗೆ ಕೊಡುತ್ತಿದ್ದುದು ಹೆಚ್ಚೆಂದರೆ 2,500 ಪೌಂಡ್. 200 ಜನಕ್ಕೆ 5 ಲಕ್ಷ ಪೌಂಡ್. ಲಿವರ್‌ಪೂಲಿನ 2018-19ರ ಸಂಬಳದ ಒಟ್ಟು ಬಿಲ್ಲು 31 ಕೋಟಿ ಪೌಂಡ್, ತಿಂಗಳಿಗೆ ಸುಮಾರು 2.58 ಕೋಟಿ. ಈ ಎರಡು ಸಂಖ್ಯೆಗಳನ್ನು ಭಾಗಿಸಿ ನೋಡಿ, ಎರಡು ಪರ್ಸೆಂಟೂ ಆಗುವುದಿಲ್ಲ. ಅದೇ ವರ್ಷ ಕ್ಲಬ್ಬಿನ ತೆರಿಗೆಪೂರ್ವ ಲಾಭ 4.2 ಕೋಟಿ ಪೌಂಡ್. ಇಷ್ಟು ಚಿಲ್ಲರೆ ಉಳಿಸುವುದಕ್ಕೆ, ಅಭಿಮಾನಿಗಳಿಂದ ಛೀಮಾರಿ ಹಾಕಿಸಿಕೊಳ್ಳುವುದಕ್ಕೆ, ಅಷ್ಟು ದೊಡ್ಡ ಕ್ಲಬ್ಬಿನ ಬುದ್ಧಿವಂತ ಮ್ಯಾನೇಜರುಗಳು ಯಾಕೆ ಹೋದರು?

ಅವರು ದುಷ್ಟರು, ದುಡ್ಡಿನ ಪಿಶಾಚಿಗಳು ಎಂದರೆ ಉತ್ತರ ಅಲ್ಲಿಗೇ ಮುಗಿಯುತ್ತದೆ. ಆದರೆ ನಾನೂ ಅವತ್ತು ಅದೇ ಕೆಲಸ ಮಾಡುತ್ತಿದ್ದೆನಾದ್ದರಿಂದ ಆ ಉತ್ತರ ನನಗೆ ಸಾಲಲಿಲ್ಲ. ಆಮೇಲಿನ ವರ್ಷಗಳಲ್ಲಿ ಫುಟ್‌ಬಾಲ್ ಕ್ಲಬ್ಬುಗಳು ದಿವಾಳಿ ಅಂಚಿಗೆ ಬಂದಾಗಲೆಲ್ಲ ಯಾರ ಪಗಾರ ಮೊದಲು ನಿಂತಿತು, ಯಾರದು ಕೊನೆಗೆ ಎಂದು ಬಿಡುವಾದಾಗ ಓದುತ್ತ ಬಂದೆ. ನನಗೆ ಕಂಡದ್ದು ಇಷ್ಟು: ಕಷ್ಟಕಾಲದಲ್ಲಿ ಯಾರನ್ನು ಕೈಬಿಟ್ಟರೆ ಹೆಚ್ಚು ಹಣ ಉಳಿಯುತ್ತದೆ ಎಂದು ಯಾರೂ ನೋಡುವುದಿಲ್ಲ. ಯಾರನ್ನು ಕೈಬಿಡುವುದು ಸುಲಭ ಎಂದು ನೋಡುತ್ತಾರೆ. ಸುಲಭವೋ ಕಷ್ಟವೋ ಎಂಬುದು ಬಿಕ್ಕಟ್ಟು ಬರುವುದಕ್ಕೆ ಎಷ್ಟೋ ಮೊದಲೇ, ಗುತ್ತಿಗೆಯ ಕಾಗದದಲ್ಲಿ, ಲೀಗಿನ ನಿಯಮದಲ್ಲಿ, ಲೆಕ್ಕಪತ್ರದ ಪದ್ಧತಿಯಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ.

ಆಟಗಾರರು ಮೊದಲಿನಿಂದಲೂ ಪಾಳಿಯ ಮುಂದೆ ನಿಂತವರಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1901ರಲ್ಲಿ ಆಟಗಾರರ ವಾರದ ಪಗಾರಕ್ಕೆ 4 ಪೌಂಡಿನ ಮಿತಿ ಹಾಕಿತು. ಅರವತ್ತು ವರ್ಷ ಕಳೆದರೂ ಮಿತಿ ಇನ್ನೂ 20 ಪೌಂಡಿನಲ್ಲೇ ಇತ್ತು. ಎಷ್ಟೇ ದೊಡ್ಡ ಹೆಸರಿದ್ದರೂ ಆಟಗಾರನ ಗಳಿಕೆ ಒಬ್ಬ ನುರಿತ ಕಾರ್ಖಾನೆ ಕೆಲಸಗಾರನಿಗಿಂತ ತೀರಾ ದೂರ ಇರಲಿಲ್ಲ. 1961ರ ಜನವರಿಯಲ್ಲಿ ಜಿಮ್ಮಿ ಹಿಲ್ ಮುಂದಾಳತ್ವದ ಆಟಗಾರರ ಸಂಘ ಮುಷ್ಕರಕ್ಕೆ ದಿನ ಗೊತ್ತುಮಾಡಿದ ಮೇಲೆ ಮಿತಿ ಬಿತ್ತು. ಫುಲ್ಹಮ್ ಕ್ಲಬ್ಬು ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಕೊಟ್ಟು ಸುದ್ದಿ ಮಾಡಿತು. ಮೈದಾನದ ಹುಲ್ಲು ಕತ್ತರಿಸುವವರ, ಟಿಕೆಟ್ ಹರಿಯುವವರ, ಬಟ್ಟೆ ಒಗೆಯುವವರ ಪರವಾಗಿ ಅಂಥ ಸಂಘ ಇರಲಿಲ್ಲ. ಅವರ ಪಗಾರ ಊರಿನ ಬೇರೆ ಕೂಲಿಗಳ ಜೊತೆ ಜೊತೆಗೇ ನಡೆಯಿತು.

ನಮ್ಮ ಬೆಂಗಳೂರಿನ ಹಳೆಯ ಫುಟ್‌ಬಾಲನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. 1977ರಲ್ಲಿ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಗಾನನ್ನು ಸೋಲಿಸಿದ್ದು ಐಟಿಐ, ಅಂದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ತಂಡ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಲ್ಲಿ ಆಡುವವನೂ ನೌಕರನೇ, ಕ್ಯಾಂಟೀನಿನಲ್ಲಿ ಅನ್ನ ಬಡಿಸುವವನೂ ನೌಕರನೇ. ದರ್ಜೆ ಬೇರೆ, ಮೊತ್ತ ಬೇರೆ, ಆದರೆ ಪಗಾರ ಕೊಡುವ ಧಣಿ ಒಬ್ಬನೇ, ತಡವಾದರೆ ಇಬ್ಬರಿಗೂ ತಡ.

ಇಂಗ್ಲೆಂಡಿನಲ್ಲಿ ಆ ದಾರಿ ಬೇರೆಯಾಯಿತು. 1992ರಲ್ಲಿ ಪ್ರೀಮಿಯರ್ ಲೀಗ್ ಬಂತು, ಅದರ ಹಿಂದೆ ಟೀವಿಯ ಹಣ ಬಂತು. 1995ರ ಬಾಸ್ಮನ್ ತೀರ್ಪಿನಿಂದ ಗುತ್ತಿಗೆ ಮುಗಿದ ಆಟಗಾರ ಯೂರೋಪಿನಲ್ಲಿ ಎಲ್ಲಿಗೆ ಬೇಕಾದರೂ ಬಿಟ್ಟಿ ಹೋಗುವಂತಾಯಿತು. ಹೋಗದಂತೆ ತಡೆಯಲು ಕ್ಲಬ್ಬುಗಳು ಉದ್ದದ, ದೊಡ್ಡ ಮೊತ್ತದ ಗುತ್ತಿಗೆ ಕೊಡತೊಡಗಿದವು. ಇಲ್ಲಿ ಲೆಕ್ಕಪತ್ರದ ಒಂದು ಸೂಕ್ಷ್ಮವಿದೆ. ಕೊಂಡು ತಂದ ಆಟಗಾರನಿಗೆ ಕೊಟ್ಟ ಬೆಲೆ ಕ್ಲಬ್ಬಿನ ಪುಸ್ತಕದಲ್ಲಿ ಆಸ್ತಿಯಾಗಿ ಕೂರುತ್ತದೆ, ಗುತ್ತಿಗೆಯ ಅಷ್ಟೂ ವರ್ಷಗಳಿಗೆ ಹಂಚಿ ಕಳೆಯುತ್ತ ಹೋಗುತ್ತಾರೆ. ಅವನನ್ನು ಅರ್ಧದಲ್ಲಿ ಬಿಟ್ಟರೆ ಆಸ್ತಿಯೂ ಹೋಯಿತು, ಉಳಿದ ವರ್ಷಗಳ ಸಂಬಳವನ್ನೂ ಕೊಡಬೇಕು. ಮೂವತ್ತು ವರ್ಷ ಗೇಟಿನಲ್ಲಿ ನಿಂತವನು ಯಾವ ಆಸ್ತಿಯ ಪಟ್ಟಿಯಲ್ಲೂ ಇಲ್ಲ. ನೋಟಿಸು ಕೊಟ್ಟರೆ ಮುಗಿಯಿತು.

ಇದರ ಮೇಲೆ ಇಂಗ್ಲೆಂಡಿನ ಲೀಗುಗಳಿಗೆ ಇನ್ನೊಂದು ನಿಯಮವಿದೆ. ಅದನ್ನು ಫುಟ್‌ಬಾಲ್ ಕ್ರೆಡಿಟರ್ಸ್ ರೂಲ್ ಎನ್ನುತ್ತಾರೆ. ಕ್ಲಬ್ಬು ಸಾಲ ತೀರಿಸಲಾರದೆ ಅಡ್ಮಿನಿಸ್ಟ್ರೇಷನ್ನಿಗೆ ಹೋದರೆ, ಅಂದರೆ ನಮ್ಮ ದಿವಾಳಿ ಕಾನೂನಿನ ರೆಸಲ್ಯೂಷನ್ ಪ್ರೊಫೆಷನಲ್ ಇದ್ದಹಾಗೆ ಹೊರಗಿನ ಒಬ್ಬ ಲೆಕ್ಕಿಗನ ಕೈಗೆ ಹೋದರೆ, ಮತ್ತೆ ಲೀಗಿನಲ್ಲಿ ಆಡಬೇಕಾದರೆ ಫುಟ್‌ಬಾಲಿನ ಸಾಲವನ್ನು ಪೂರ್ತಿ ತೀರಿಸಲೇಬೇಕು. ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ಟ್ರಾನ್ಸ್‌ಫರ್ ಹಣ, ಆಟಗಾರರ ಪಗಾರ, ಲೀಗಿನ ಬಾಕಿ ಇವೆಲ್ಲ ಫುಟ್‌ಬಾಲಿನ ಸಾಲ. ಪೂರ್ಣಾವಧಿ ನೌಕರರ ಬಾಕಿ ಸಂಬಳಕ್ಕೂ ಫುಟ್‌ಬಾಲ್ ಲೀಗಿನ ನಿಯಮಾವಳಿಯಲ್ಲಿ ಜಾಗವಿದೆ, ಆದರೆ ಕೆಲಸ ಕಳೆದುಕೊಂಡದ್ದಕ್ಕೆ ಬರಬೇಕಾದ ಪರಿಹಾರಕ್ಕೆ ಇಲ್ಲ. ಪ್ರಿಂಟಿಂಗ್ ಪ್ರೆಸ್ಸು, ಊಟ ಒದಗಿಸಿದ ಕೇಟರಿಂಗಿನವರು, 2020ರವರೆಗೆ ತೆರಿಗೆ ಇಲಾಖೆ ಕೂಡ, ಉಳಿದದ್ದರಲ್ಲಿ ಹಂಚಿಕೊಳ್ಳಬೇಕಿತ್ತು.

ನಿಯಮದ ಹಿಂದಿನ ತರ್ಕ ಪೂರ್ತಿ ಕೆಟ್ಟದ್ದೇನಲ್ಲ. ಒಂದು ಕ್ಲಬ್ಬು ಎದುರಾಳಿಯ ಆಟಗಾರನನ್ನು ಸಾಲದಲ್ಲಿ ಕೊಂಡು, ಗೆದ್ದು, ಆಮೇಲೆ ಕೈ ಎತ್ತಿದರೆ ಲೀಗಿನ ಮೇಲೆ ಯಾರಿಗೆ ನಂಬಿಕೆ ಉಳಿಯುತ್ತದೆ? ಆದರೆ ಅದರ ನಿಜರೂಪ ಕಾಣಬೇಕೆಂದರೆ ಪೋರ್ಟ್ಸ್‌ಮತ್ ಊರಿಗೆ ಹೋಗಬೇಕು.

ಇಂಗ್ಲೆಂಡಿನ ದಕ್ಷಿಣ ತೀರದ ಈ ಬಂದರು ಊರಿನ ಕ್ಲಬ್ಬು 2008ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಗಳಿಕೆಗೆ ಮೀರಿದ ಪಗಾರ ಕೊಟ್ಟು ಗೆದ್ದದ್ದು. ಮಾಲೀಕ ಅಲೆಕ್ಸಾಂಡರ್ ಗೇಡಮಕ್ ಕೈ ಬಿಗಿಹಿಡಿದ ಕೂಡಲೇ ಒಳಗಿನ ಪೊಳ್ಳು ಹೊರಗೆ ಬಿತ್ತು. 2009-10ರ ಒಂದೇ ಸೀಸನ್ನಿನಲ್ಲಿ ಕ್ಲಬ್ಬು ನಾಲ್ವರು ಮಾಲೀಕರನ್ನು ಕಂಡಿತು. ಪಗಾರ ಮತ್ತೆ ಮತ್ತೆ ತಡವಾಯಿತು. 2010ರ ಫೆಬ್ರವರಿ 26ರಂದು ಪೋರ್ಟ್ಸ್‌ಮತ್ ಅಡ್ಮಿನಿಸ್ಟ್ರೇಷನ್ನಿಗೆ ಹೋಯಿತು. ಪ್ರೀಮಿಯರ್ ಲೀಗಿನಲ್ಲಿ ಇರುವಾಗಲೇ ಹಾಗೆ ಹೋದ ಮೊದಲ ಕ್ಲಬ್ಬು ಅದು. ಶಿಕ್ಷೆಯಾಗಿ 9 ಅಂಕ ಕಡಿತ.

ಎರಡು ವಾರ ಕಳೆಯುವುದರೊಳಗೆ ಸುಮಾರು 85 ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಒಂದು ತಿಂಗಳ ಮೇಲೆ, ಏಪ್ರಿಲ್ 11ರಂದು, ಪೋರ್ಟ್ಸ್‌ಮತ್ ವೆಂಬ್ಲಿಯಲ್ಲಿ ಟಾಟನ್‌ಹ್ಯಾಮನ್ನು 2-0ಯಿಂದ ಸೋಲಿಸಿ ಕಪ್ಪಿನ ಫೈನಲ್ಲಿಗೆ ಹೋಯಿತು. ಮೇ 15ರ ಫೈನಲ್ಲಿನಲ್ಲಿ ಚೆಲ್ಸಿಯ ಎದುರು ಒಂದು ಗೋಲಿನಿಂದ ಸೋತಿತು. ಟೀವಿಯಲ್ಲಿ ಆ ಪಂದ್ಯ ನಾನು ನೋಡಿದ್ದೆ. ಕೆವಿನ್ ಪ್ರಿನ್ಸ್ ಬೊವಾಟೆಂಗ್ ಪೆನಾಲ್ಟಿ ತಪ್ಪಿಸಿಕೊಂಡಾಗ ಅಯ್ಯೋ ಎಂದಿದ್ದೆ. ಆ ಆಟಗಾರರ ಹಿಂದೆ ಕೆಲಸ ಮಾಡುತ್ತಿದ್ದ 85 ಜನ ಎರಡು ತಿಂಗಳ ಹಿಂದೆಯೇ ಮನೆ ಸೇರಿದ್ದಾರೆ ಎಂಬುದು ಅವತ್ತು ನನಗೆ ಗೊತ್ತೇ ಇರಲಿಲ್ಲ.

ಸಾಲಗಾರರ ಪಟ್ಟಿ ಹೊರಬಿದ್ದಾಗ ಅದರಲ್ಲಿ ಒಂದು ಸಾಲು ಪತ್ರಿಕೆಗಳ ಕಣ್ಣಿಗೆ ಬಿತ್ತು. ಸೇಂಟ್ ಜಾನ್ ಆಂಬುಲೆನ್ಸ್, 2,702 ಪೌಂಡ್. ಇದು ಪಂದ್ಯದ ದಿನ ಬಿದ್ದವರಿಗೆ, ಎದೆನೋವು ಬಂದವರಿಗೆ ಪ್ರಥಮ ಚಿಕಿತ್ಸೆ ಕೊಡುವ ಸ್ವಯಂಸೇವಕರ ಸಂಸ್ಥೆ. ಫುಟ್‌ಬಾಲಿನ ಸಾಲಗಾರರಿಗೆ ಪೂರ್ತಿ ಹಣ, ಉಳಿದವರಿಗೆ ಪೌಂಡಿಗೆ 20 ಪೆನ್ಸ್ ಎಂದು ಒಪ್ಪಂದವಾಯಿತು. ಎದುರಾಳಿ ಕ್ಲಬ್ಬಿಗೆ ನೂರಕ್ಕೆ ನೂರು, ಆಂಬುಲೆನ್ಸಿನವರಿಗೆ ನೂರಕ್ಕೆ ಇಪ್ಪತ್ತು. ತೆರಿಗೆ ಇಲಾಖೆ ಸಿಡಿದೆದ್ದು ಕೋರ್ಟಿಗೆ ಹೋಯಿತು, ಸೋತಿತು. ಆಮೇಲೆ ಇಡೀ ನಿಯಮದ ವಿರುದ್ಧವೇ ಫುಟ್‌ಬಾಲ್ ಲೀಗಿನ ಮೇಲೆ ಮೊಕದ್ದಮೆ ಹೂಡಿತು. 2012ರ ಮೇ ತಿಂಗಳಲ್ಲಿ ಅದರಲ್ಲೂ ಸೋತಿತು. ನ್ಯಾಯಮೂರ್ತಿ ಡೇವಿಡ್ ರಿಚರ್ಡ್ಸ್ ಮಾತ್ರ ತೀರ್ಪಿನಲ್ಲಿ, ಇದನ್ನು ನಿಯಮಕ್ಕೆ ನನ್ನ ಸಮ್ಮತಿ ಎಂದು ತಿಳಿಯಬೇಡಿ ಎಂಬರ್ಥದ ಮಾತನ್ನು ಸೇರಿಸಿದರು.

ಪೋರ್ಟ್ಸ್‌ಮತ್ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2012ರಲ್ಲಿ ಕ್ಲಬ್ಬು ಎರಡನೇ ಸಲ ಅಡ್ಮಿನಿಸ್ಟ್ರೇಷನ್ನಿಗೆ ಬಿತ್ತು. ಈ ಸಲ ಅಡ್ಮಿನಿಸ್ಟ್ರೇಟರ್ ಟ್ರೆವರ್ ಬರ್ಚ್ ಆಟಗಾರರಿಗೇ ನೇರವಾಗಿ ಹೇಳಿದರು: ದೊಡ್ಡ ಗುತ್ತಿಗೆಯವರು ಹೊರಡದಿದ್ದರೆ ಆಗಸ್ಟ್ 10ಕ್ಕೆ ಬಾಗಿಲು ಮುಚ್ಚುತ್ತೇನೆ. ಚೌಕಾಸಿಯಾಯಿತು, ಹಿರಿಯ ಆಟಗಾರರು ಬರಬೇಕಿದ್ದ ಹಣದಲ್ಲಿ ಒಂದಷ್ಟನ್ನು ಬಿಟ್ಟುಕೊಟ್ಟು ಹೊರಟರು. 2013ರ ಏಪ್ರಿಲ್‌ನಲ್ಲಿ ಅಭಿಮಾನಿಗಳೇ ಹಣ ಕೂಡಿಸಿ ಕ್ಲಬ್ಬನ್ನು ಕೊಂಡರು. ಮುಂದಿನ ವರ್ಷ, ಹಿಂದಿನ ಮಾಲೀಕರು ಬಿಟ್ಟುಹೋದ ಸಾಲ ತೀರಿತೆಂದು ಘೋಷಿಸಿದರು.

2012ರಲ್ಲೇ ಗ್ಲಾಸ್ಗೋದಲ್ಲಿ ಪಾಳಿ ಒಮ್ಮೆ ತಿರುಗುಮುರುಗಾಯಿತು. ನನ್ನ ಮಟ್ಟಿಗೆ ಈ ಇತಿಹಾಸದಲ್ಲೆಲ್ಲ ಹೆಚ್ಚು ಯೋಚನೆಗೆ ಹಚ್ಚಿದ ಪ್ರಸಂಗ ಇದು. ಫೆಬ್ರವರಿ 14ರಂದು ರೇಂಜರ್ಸ್ ಕ್ಲಬ್ಬು ಅಡ್ಮಿನಿಸ್ಟ್ರೇಷನ್ನಿಗೆ ಹೋಯಿತು. ಮಾಲೀಕ ಕ್ರೇಗ್ ವೈಟ್ ಕಾಲದಲ್ಲಿ ನೌಕರರ ಸಂಬಳದಿಂದ ಹಿಡಿದ ತೆರಿಗೆಯನ್ನೂ ಸರ್ಕಾರಕ್ಕೆ ಕಟ್ಟಿರಲಿಲ್ಲ. ಎಷ್ಟು ಜನರನ್ನು ತೆಗೆಯುತ್ತಾರೆ ಎಂಬುದೇ ಎಲ್ಲರ ಪ್ರಶ್ನೆ. ಗ್ರೆಗ್ ವೈಲ್ಡ್ ಎಂಬ ಇಪ್ಪತ್ತರ ಹುಡುಗ, ತಾನು ಹೋದರೆ ಬೇರೆಯವರ ಕೆಲಸ ಉಳಿಯಬಹುದೆಂದು ತಾನಾಗಿಯೇ ಗುತ್ತಿಗೆ ಬಿಟ್ಟು ಹೊರಟ. ಮಾರ್ಚ್ ಎರಡನೇ ವಾರದ ಹೊತ್ತಿಗೆ ಉಳಿದ ಆಟಗಾರರು ಮೂರು ತಿಂಗಳ ಕಡಿತಕ್ಕೆ ಒಪ್ಪಿದರು. ಹೆಚ್ಚು ಪಗಾರದವರಿಗೆ 75 ಪರ್ಸೆಂಟ್, ನಡುವಿನವರಿಗೆ 50, ಕೆಳಗಿನವರಿಗೆ 25. ಅದರಿಂದಾಗಿ ಸಿಬ್ಬಂದಿಯನ್ನು ರಾಶಿರಾಶಿಯಾಗಿ ತೆಗೆಯುವುದು ತಪ್ಪಿತು.

ತ್ಯಾಗ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಒಪ್ಪಂದದಲ್ಲಿ ಇನ್ನೊಂದು ಅಂಶವೂ ಇತ್ತು. ಕಡಿತಕ್ಕೆ ಬದಲಾಗಿ ಕೆಲವು ಆಟಗಾರರು, ಬೇಸಿಗೆಯಲ್ಲಿ ಕಡಿಮೆ ಬೆಲೆಗೆ ಬೇರೆ ಕ್ಲಬ್ಬಿಗೆ ಹೋಗುವ ಅವಕಾಶವನ್ನು ಬರೆಸಿಕೊಂಡಿದ್ದರು. ಜೂನ್‌ನಲ್ಲಿ ಸಾಲದ ಒಪ್ಪಂದ ಮುರಿದುಬಿದ್ದು ಹಳೆಯ ಕಂಪನಿ ಲಿಕ್ವಿಡೇಷನ್ನಿಗೆ ಹೋದಾಗ ಸ್ಟೀವನ್ ನೈಸ್ಮಿತ್, ಸ್ಟೀವನ್ ವಿಟಕರ್ ಮುಂತಾದವರು ಹೊಸ ಕಂಪನಿಗೆ ಬರುವುದಿಲ್ಲ ಎಂದು ಹೊರಟೇಬಿಟ್ಟರು. ನಾನು ಅವರನ್ನು ದೂರುವುದಿಲ್ಲ. ಕೊಡುವುದಕ್ಕೆ ಅವರ ಕೈಯಲ್ಲಿ ಏನೋ ಇತ್ತು, ಕೊಟ್ಟರು, ಬದಲಿಗೆ ಏನೋ ಪಡೆದರು. ಟಿಕೆಟ್ ಕೌಂಟರಿನ ಹೆಣ್ಣುಮಗಳ ಕೈಯಲ್ಲಿ ಅಂಥದ್ದೇನೂ ಇರಲಿಲ್ಲ. ಅವಳ ಕೆಲಸ ಉಳಿದದ್ದು ಬೇರೆಯವರ ಮಾತುಕತೆಯಲ್ಲಿ.

ಇಷ್ಟು ಹಿನ್ನೆಲೆಯಲ್ಲಿ 2020ಕ್ಕೆ ವಾಪಸು ಬಂದರೆ ಆ ವಸಂತದ ಗಲಾಟೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಮಾರ್ಚ್ 31ರಂದು ಟಾಟನ್‌ಹ್ಯಾಮ್ ಅಧ್ಯಕ್ಷ ಡೇನಿಯಲ್ ಲೀವಿ, ಆಟಗಾರರಲ್ಲದ 550 ಸಿಬ್ಬಂದಿಯ ಸಂಬಳದಲ್ಲಿ 20 ಪರ್ಸೆಂಟ್ ಕಡಿತ ಎಂದು ಪ್ರಕಟಿಸಿದರು. ಅವರಿಗೆ ಹಿಂದಿನ ವರ್ಷ ಬೋನಸ್ ಸೇರಿ ಸುಮಾರು 70 ಲಕ್ಷ ಪೌಂಡ್ ಸಿಕ್ಕಿತ್ತು ಎಂದು ತೋರಿಸುವ ಲೆಕ್ಕಪತ್ರ ಹೊರಬಂದದ್ದೂ ಅದೇ ದಿನ. ಎರಡು ವಾರಕ್ಕೆ ಅವರೂ ತೀರ್ಮಾನ ಬದಲಿಸಿದರು. ಬೋರ್ನ್‌ಮತ್ ಕೂಡ ಹಿಂದೆ ಸರಿಯಿತು. ನ್ಯೂಕ್ಯಾಸಲ್, ನಾರಿಚ್ ಸರಿಯಲಿಲ್ಲ. ಆರೋಗ್ಯ ಸಚಿವ ಮ್ಯಾಟ್ ಹ್ಯಾಂಕಾಕ್ ಆಟಗಾರರು ಪಗಾರ ಕಡಿತಕ್ಕೆ ಒಪ್ಪಲಿ ಎಂದು ಟೀವಿಯಲ್ಲಿ ಬುದ್ಧಿ ಹೇಳಿದರು. ಆಟಗಾರರ ಸಂಘ ಲೆಕ್ಕ ಮುಂದಿಟ್ಟಿತು: ಕೇಳುತ್ತಿರುವ 30 ಪರ್ಸೆಂಟ್ ಕಡಿತ ಎಂದರೆ ವರ್ಷಕ್ಕೆ 50 ಕೋಟಿ ಪೌಂಡ್, ಅದರಿಂದ ಸರ್ಕಾರಕ್ಕೆ ಬರಬೇಕಾದ 20 ಕೋಟಿಗೂ ಹೆಚ್ಚು ತೆರಿಗೆ ಹೋಗುತ್ತದೆ, ಆಸ್ಪತ್ರೆಗೆ ಆ ಹಣ ಬೇಡವೇ? ಸ್ವಾರ್ಥದ ವಾದವೇ ಸರಿ, ಆದರೆ ಗಣಿತದಲ್ಲಿ ತಪ್ಪು ಹುಡುಕುವುದು ಕಷ್ಟ. ಆಟಗಾರ ಬಿಟ್ಟ ಹಣ ತಾನಾಗಿಯೇ ಅಡುಗೆಮನೆಯವರಿಗೆ ಹೋಗುವುದಿಲ್ಲ, ಮಾಲೀಕನ ಬಳಿ ಉಳಿಯುತ್ತದೆ. ಎಲ್ಲಿಗೆ ಹೋಗಬೇಕೆಂದು ಬರೆಸಿಕೊಂಡರೆ ಮಾತ್ರ ಹೋಗುತ್ತದೆ.

ಬಾರ್ಸಿಲೋನಾದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದರು. ಮಾರ್ಚ್ 30ರಂದು ಮೆಸ್ಸಿ ಪ್ರಕಟಿಸಿದ ಹೇಳಿಕೆಯಲ್ಲಿ ಎರಡು ಭಾಗಗಳಿದ್ದವು. ಒಂದು, ತುರ್ತುಸ್ಥಿತಿ ಮುಗಿಯುವವರೆಗೆ ಆಟಗಾರರಿಗೆ 70 ಪರ್ಸೆಂಟ್ ಕಡಿತ. ಎರಡು, ಕ್ಲಬ್ಬಿನ ಉಳಿದ ನೌಕರರಿಗೆ ಪೂರ್ತಿ ಸಂಬಳ ಸಿಗುವಂತೆ ಆಟಗಾರರು ಮೇಲೆ ಒಂದಷ್ಟು ಸೇರಿಸುತ್ತಾರೆ. ಆ ಕ್ಲಬ್ಬಿನ ಆಡಳಿತ ಆಗಲೇ ಎಷ್ಟು ಕೆಟ್ಟಿತ್ತೆಂದರೆ, 2021ರ ಆಗಸ್ಟ್‌ನಲ್ಲಿ ಹೊಸ ಅಧ್ಯಕ್ಷ ಜೋನ್ ಲಪೋರ್ಟಾ ಸಾಲ 135 ಕೋಟಿ ಯೂರೋ, ಸಂಬಳದ ಬಿಲ್ಲು ಆದಾಯದ 103 ಪರ್ಸೆಂಟ್ ಎಂದರು. ಅಷ್ಟು ಹೊತ್ತಿಗೆ ಮೆಸ್ಸಿಯೇ ಕಣ್ಣೀರು ಹಾಕುತ್ತ ಹೊರಟಿದ್ದ.

ಆರ್ಸೆನಲ್‌ನಲ್ಲಿ ಹಾಗೆ ಆಗಲಿಲ್ಲ. ಏಪ್ರಿಲ್‌ನಲ್ಲಿ ಬಹುತೇಕ ಆಟಗಾರರು 12.5 ಪರ್ಸೆಂಟ್ ಕಡಿತಕ್ಕೆ ಒಪ್ಪಿದರು. ಇದರಿಂದ ಕ್ಲಬ್ಬಿನ ಕೆಲಸಗಾರರು ಉಳಿಯುತ್ತಾರೆ ಎಂದು ಅವರಲ್ಲಿ ಕೆಲವರು ನಂಬಿದ್ದರೆಂದು ಪತ್ರಿಕೆಗಳು ಬರೆದವು. ಆಗಸ್ಟ್ 1ಕ್ಕೆ ತಂಡ ಎಫ್‌ಎ ಕಪ್ ಗೆದ್ದಿತು. ಆಗಸ್ಟ್ 5ಕ್ಕೆ 55 ಹುದ್ದೆಗಳನ್ನು ತೆಗೆಯುವುದಾಗಿ ಕ್ಲಬ್ಬು ಹೇಳಿತು. ಆಗಸ್ಟ್ 14ಕ್ಕೆ ವಿಲಿಯನ್‌ನನ್ನು ಸೇರಿಸಿಕೊಂಡಿತು. ಕಡಿತಕ್ಕೆ ಒಪ್ಪದವರಲ್ಲಿ ಮೆಸುಟ್ ಓಝಿಲ್ ಒಬ್ಬ. ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಹೇಳಿ ಎಂಬುದು ಅವನ ನಿಲುವಾಗಿತ್ತು. ಊರೆಲ್ಲ ಅವನನ್ನು ದುರಾಸೆಯವನೆಂದು ಬೈದಿತ್ತು. ಅಕ್ಟೋಬರ್‌ನಲ್ಲಿ, 1993ರಿಂದ ಗನ್ನರ್‌ಸಾರಸ್ ಎಂಬ ಹಸಿರು ಡೈನೋಸಾರ್ ವೇಷ ತೊಟ್ಟು ಮೈದಾನದಲ್ಲಿ ಮಕ್ಕಳನ್ನು ನಗಿಸುತ್ತಿದ್ದವನ ಕೆಲಸ ಹೋಯಿತೆಂಬ ಸುದ್ದಿ ಬಂತು. ಅವನ ಪೂರ್ತಿ ಸಂಬಳ ನಾನು ಕೊಡುತ್ತೇನೆ ಎಂದು ಟ್ವೀಟ್ ಮಾಡಿದವನು ಇದೇ ಓಝಿಲ್. ಕ್ಲಬ್ಬಿನ ಮೇಲಿನ ಸಿಟ್ಟು ಅದರಲ್ಲಿ ಎಷ್ಟಿತ್ತೋ, ಪ್ರೀತಿ ಎಷ್ಟಿತ್ತೋ. ಏಪ್ರಿಲ್‌ನಲ್ಲಿ ಅವನು ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು ಎಂದು ನನಗೆ ಈಗ ಅನಿಸುತ್ತದೆ.

ಮ್ಯಾಂಚೆಸ್ಟರ್ ಯುನೈಟೆಡ್ ಕಥೆ ಐಟಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐದು ವರ್ಷ ಸತತ ನಷ್ಟ ಎಂದು 2024ರಲ್ಲಿ ಸುಮಾರು 250 ಹುದ್ದೆ ತೆಗೆದರು, 2025ರ ಫೆಬ್ರವರಿಯಲ್ಲಿ ಇನ್ನೂ 200ರವರೆಗೆ ಎಂದರು. ಓಲ್ಡ್ ಟ್ರಾಫರ್ಡ್‌ನ ಸಿಬ್ಬಂದಿ ಕ್ಯಾಂಟೀನ್ ಮುಚ್ಚಿ ಊಟದ ಬದಲು ಹಣ್ಣು ಇಟ್ಟರು. ಅದೇ ಹೊತ್ತಿಗೆ ಕೋಚ್ ಎರಿಕ್ ಟೆನ್ ಹಾಗ್, ಅವರ ಸಹಾಯಕರು ಮತ್ತು ನಿರ್ದೇಶಕ ಡ್ಯಾನ್ ಆಶ್ವರ್ತ್ ಅವರನ್ನು ಕಳಿಸಿಕೊಟ್ಟ ಖರ್ಚು 1.45 ಕೋಟಿ ಪೌಂಡ್. ನಮ್ಮ ಕಡೆ ಮೊದಲು ಬಿಸ್ಕತ್ತು ನಿಲ್ಲುತ್ತದೆ, ಆಮೇಲೆ ಪೇಪರ್ ಕಪ್ಪು.

ಪುಣೆಯಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ಬ್ಲ್ಯಾಕ್‌ಬರ್ನ್ ರೋವರ್ಸ್ ನೆನಪಾಗದೆ ಇರುವುದಿಲ್ಲ. ಇಲ್ಲಿನ ಕೋಳಿ ಉದ್ಯಮದ ವೆಂಕೀಸ್ ಕುಟುಂಬ 2010ರಲ್ಲಿ ಆ ಕ್ಲಬ್ಬನ್ನು ಕೊಂಡಿತು. ಅಲ್ಲಿನ ಆದಾಯ ಖರ್ಚಿಗೆ ಸಾಲದೆ, ಕೊರತೆಯನ್ನು ಇಲ್ಲಿಂದ ಹೋಗುವ ಹಣ ತುಂಬುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಜಾರಿ ನಿರ್ದೇಶನಾಲಯದ ತನಿಖೆಯ ಕಾರಣ ಹಣ ಕಳಿಸಲು ದೆಹಲಿ ಹೈಕೋರ್ಟಿನ ಒಪ್ಪಿಗೆ ಪಡೆಯಬೇಕಾಗಿ ಬಂತು. ಲ್ಯಾಂಕಷೈರಿನ ಮೈದಾನದಲ್ಲಿ ಹುಲ್ಲು ಕತ್ತರಿಸುವವನು ದೆಹಲಿಯ ಕೋರ್ಟಿನ ತಾರೀಖಿನ ಸುದ್ದಿ ಓದುತ್ತ ಕೂತಿರಬಹುದು ಎಂದು ಊಹಿಸಿಕೊಳ್ಳುತ್ತೇನೆ.

ನಮ್ಮ ದೇಶದಲ್ಲಿ ಪಾಳಿ ಹೇಗಿದೆ ಎಂಬುದು 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಐಎಸ್‌ಎಲ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ ಆ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಎಂಬುದು ತೀರ್ಮಾನವಾಗದೆ ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟ್ 4ಕ್ಕೆ ಬೆಂಗಳೂರು ಎಫ್‌ಸಿ, ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮಕ್ಕಳ ಮತ್ತು ಯುವಕರ ತಂಡಗಳ ಕೆಲಸ ಮುಂದುವರಿಯುತ್ತದೆ ಎಂದಿತು. ಒಂದೆರಡು ದಿನಕ್ಕೆ ಚೆನ್ನೈಯಿನ್ ಎಫ್‌ಸಿ ಅದೇ ದಾರಿ ಹಿಡಿಯಿತು. ಸೆಪ್ಟೆಂಬರಿಗೆ ಲೀಗ್ ಶುರುವಾಗಲಿಲ್ಲ.

ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ನೋಡಿದವರು ನಮ್ಮ ಓದುಗರಲ್ಲಿ ಬಹಳ ಜನ ಇರಬಹುದು. ಅವರ ಸಿಟ್ಟು ನನಗೆ ಗೊತ್ತು. ನನ್ನ ಗಮನ ಹೋದದ್ದು ಹೇಳಿಕೆಯ ಒಂದು ಕಡೆಗೆ: ಆಟಗಾರರು, ಸಿಬ್ಬಂದಿ ಇಬ್ಬರೂ ಒಂದೇ ವಾಕ್ಯದಲ್ಲಿ. ಆಸ್ತಿಯನ್ನು ಉಳಿಸಿ ಖರ್ಚನ್ನು ಕತ್ತರಿಸುವ ಆಟ ಇಲ್ಲಿ ನಡೆಯಲಿಲ್ಲ. ಲೀಗೇ ಇಲ್ಲದಿದ್ದರೆ ಸುನಿಲ್ ಛೆಟ್ರಿಯ ಬೂಟಿಗೂ ಫಿಸಿಯೋ ಕೈಯ ಟೇಪಿಗೂ ಬೆಲೆ ಒಂದೇ. ಇದು ಸಮಾನತೆ ಎಂದು ಹೇಗೆ ಹೇಳಲಿ? ಐಟಿಐ ಕಾಲದ ಆಟಗಾರನಿಗೆ ಪಕ್ಕದಲ್ಲಿ ಯೂನಿಯನ್ ಇತ್ತು, ಮರುದಿನ ಹೋಗಲು ಕಾರ್ಖಾನೆ ಇತ್ತು.

ಈಗ ನನ್ನ ಪಟ್ಟಿ. ಎಂಟು ಪರ್ಸೆಂಟಿನಲ್ಲಿ ಹೆಚ್ಚಿನ ಪಾಲು ಬಂದದ್ದು ಸಾಫ್ಟ್‌ವೇರ್ ಲೈಸೆನ್ಸುಗಳನ್ನು ನವೀಕರಿಸದೆ ಬಿಟ್ಟದ್ದರಿಂದ, ಇನ್‌ಕ್ರಿಮೆಂಟ್ ಮುಂದೂಡಿದ್ದರಿಂದ, ನಿಂತುಹೋದ ಪ್ರಯಾಣದಿಂದ. ಆದರೂ ನಾನು ಮೊದಲು ಬರೆದ ಸಾಲುಗಳು ಬೇರೆ. ಪ್ಯಾಂಟ್ರಿ ಇಬ್ಬರು, ಹೌಸ್‌ಕೀಪಿಂಗ್ ಮೂವರು, ಕ್ಯಾಬ್ ಡೆಸ್ಕ್ ಒಬ್ಬರು. ಆರೂ ಜನ ಸೇರಿ ಒಂದು ಪರ್ಸೆಂಟಿಗೂ ಕಡಿಮೆ. ಯಾರೂ ನಮ್ಮ ಕಂಪನಿಯವರಲ್ಲ, ಏಜೆನ್ಸಿಯವರು. ಪಟ್ಟಿಯಲ್ಲಿ ಅವರ ಹೆಸರಿಲ್ಲ, ಸಂಖ್ಯೆ ಅಷ್ಟೆ. ನಮ್ಮ 2016ರ ದಿವಾಳಿ ಕಾನೂನಿನಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಒಂದು ಸ್ಥಾನವಿದೆ, ನಮ್ಮಂಥ ಉಳಿದ ನೌಕರರ 12 ತಿಂಗಳ ಬಾಕಿಗೆ ಅದರ ಕೆಳಗೆ ಇನ್ನೊಂದು ಸ್ಥಾನವಿದೆ. ಏಜೆನ್ಸಿಯವರ ಮೂಲಕ ಬಂದವನ ಪಗಾರ ಕಂಪನಿಯ ಲೆಕ್ಕದಲ್ಲಿ ಪಗಾರವೇ ಅಲ್ಲ, ಏಜೆನ್ಸಿಯ ಬಿಲ್ಲು. ಅದನ್ನು ನಿಲ್ಲಿಸಲು ಎಚ್‌ಆರ್ ಬೇಡ, ನೋಟಿಸು ಬೇಡ, ಒಂದು ಮೇಲ್ ಸಾಕು. ಅದಕ್ಕೇ ಅವು ಮೊದಲ ಸಾಲುಗಳಾದವು.

ಪ್ಯಾಂಟ್ರಿಯ ಇಬ್ಬರಲ್ಲಿ ಒಬ್ಬರು ಸೊಲ್ಲಾಪುರದ ಕಡೆಯವರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಮನೆಮಾತು ಕನ್ನಡ. ನಾನು ಗದಗಿನವನೆಂದು ಗೊತ್ತಾದ ದಿನದಿಂದ ನನ್ನ ಚಹಾಕ್ಕೆ ಶುಂಠಿ ಹೆಚ್ಚು ಬೀಳುತ್ತಿತ್ತು. ಏಪ್ರಿಲ್ ಎರಡನೇ ವಾರ ಅವರ ಫೋನ್ ಬಂತು.

"ಸಾಹೇಬ್ರ, ಆರಾಮ ಅದೀರಿಲ್ರಿ? ಮಾರ್ಚ್ ತಿಂಗಳದ ಪಗಾರ ಅರ್ಧಾನ ಬಂದೈತ್ರಿ. ಏಜೆನ್ಸಿಯಂವ ನಿಮ್ಮ ಕಂಪನಿಯವ್ರನ್ನ ಕೇಳ್ರಿ ಅಂತಾನ್ರಿ. ಮುಂದಿನ ತಿಂಗಳದ್ದು ಬರತೈತೇನ್ರಿ?"

"ಕೇಳಿ ಹೇಳ್ತೀನ್ರಿ ಕಾಕಾ" ಎಂದೆ.

ಯಾರನ್ನೂ ಕೇಳಬೇಕಾದದ್ದಿರಲಿಲ್ಲ. ಪಟ್ಟಿ ಕಳಿಸಿ ಆಗಲೇ ಮೂರು ದಿನವಾಗಿತ್ತು. ನಾನು ತಿರುಗಿ ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ.